ಕಂಬದ ಬುಡದ ಫರ್ಶಿ

ಭಾಂಡುಪಿನ ಗನಿಸಾಬ ಫರ್ಶಿ ಹಾಕುವ ಕೆಲಸಗಾರ. ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಮುಂಬಯಿಯ ನೆಲಕ್ಕೆ ಕಲ್ಲು ಕೂಡಿಸಿದವನು. ವಿಮಾನ ನಿಲ್ದಾಣದ ಹೊಸ ಕಟ್ಟಡದಲ್ಲೂ ಎಂಟು ತಿಂಗಳು ದುಡಿದಿದ್ದ. ಕಟ್ಟಡ ತೆರೆದ ಮೇಲೆ ಮಾತ್ರ ಅದರೊಳಗೆ ಕಾಲಿಟ್ಟಿರಲಿಲ್ಲ. ತಪಾಸಣೆಯ ಆಚೆಗಿರುವ ಆ ನೆಲ ತುಳಿಯಲು ಬೋರ್ಡಿಂಗ್ ಪಾಸ್ ಬೇಕು.

ಕೊಚ್ಚಿಯಲ್ಲಿ ನರ್ಸ್ ಆಗಿರುವ ಮಗಳು ಕೈನಾತ ಹೆತ್ತಾಗ ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ ಕಳಿಸಿದಳು. ಕೌಂಟರಿನ ಹುಡುಗಿ ಎರಡು ಪಾಸ್ ಮುದ್ರಿಸಿ ಕೊಟ್ಟಳು. ಗನಿಸಾಬ ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದ.

"ಮಡಚಬ್ಯಾಡ್ರಿ, ಮಷೀನ್ ಒಲ್ಲೆ ಅಂದೀತು," ಎಂದಳು ಹೆಂಡತಿ ನಜಮುನ್ನೀಸಾ.

ಪಾಸನ್ನು ಯಂತ್ರಕ್ಕೆ ತೋರಿಸಿದೊಡನೆ ಗಾಜಿನ ಬಾಗಿಲು ತೆರೆಯಿತು. ತಪಾಸಣೆ ಮುಗಿಸಿ ಒಳಹೊಕ್ಕವನು ನಿಂತೇಬಿಟ್ಟ. ಅವನು ಇಲ್ಲಿ ಕಂಡಿದ್ದುದು ಧೂಳು, ಕಲ್ಲು ಕೊರೆಯುವ ಕಟರಿನ ಕಿರುಚಾಟ. ಈಗ ಎತ್ತರದ ಛಾವಣಿಯಿಂದ ಬಿಸಿಲು ಇಳಿದು, ನೆಲವು ತುಂಬಿದ ಕೆರೆಯಂತೆ ಹೊಳೆಯುತ್ತಿತ್ತು. ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕಂಬಗಳನ್ನು ಎಣಿಸುತ್ತ ನಡೆದ. ಒಂಬತ್ತನೆಯದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಜಮಾ, ಇಲ್ಲೆ ನೋಡ. ಇದನ್ನ ಕಂಬಕ್ಕ ಸರಿಯಾಗಿ ಗುಂಡಗ ಕೊರ್ಯಾಕ ಮೂರು ದಿನಾ ಹತ್ತಿತ್ತು."

ಸಂದಿನ ಮೇಲೆ ಉಗುರು ಎಳೆದ. ಉಗುರು ಎಲ್ಲಿಯೂ ಸಿಕ್ಕಲಿಲ್ಲ.

ಬಂದೂಕಿನ ಜವಾನನೊಬ್ಬ ಬಂದು, "ಚಾಚಾ, ಕುಛ್ ಗಿರ್ ಗಯಾ?" ಎಂದ. ಗನಿಸಾಬ ಗಾಬರಿಯಿಂದ ಎದ್ದು ಬೋರ್ಡಿಂಗ್ ಪಾಸನ್ನು ಮುಂದೆ ಚಾಚಿದ. ನಜಮುನ್ನೀಸಾ ಹಿಂದಿಯಲ್ಲಿ, "ಏನೂ ಬಿದ್ದಿಲ್ಲ. ಈ ಫರ್ಶಿ ಹಾಕಿದವರು ಇವರೇ," ಎಂದಳು.

ಜವಾನ ಕೆಳಗೆ ನೋಡಿದ. ಅವನ ಬೂಟು ಆ ಕಲ್ಲಿನ ಮೇಲಿತ್ತು. ಮೆಲ್ಲನೆ ಹಿಂದೆ ಸರಿದು, ಪಾಸನ್ನು ಎರಡೂ ಕೈಯಲ್ಲಿ ಮರಳಿಸಿದ. "ನೋಡಿ ಚಾಚಾ, ಆರಾಮವಾಗಿ ನೋಡಿ. ನಿಮ್ಮ ವಿಮಾನಕ್ಕೆ ಇನ್ನೂ ಹೊತ್ತಿದೆ," ಎಂದ.

ವಿಮಾನ ಮೇಲೇರಿದಾಗ ನಜಮುನ್ನೀಸಾ ಕಿಟಕಿಗೆ ಹಣೆ ಹಚ್ಚಿದಳು. ಚಾಳುಗಳು, ಗೋಪುರದಂಥ ಬಿಲ್ಡಿಂಗುಗಳು, ಕಡಲ ಖಾರಿಯ ನೀರು, ಎಲ್ಲ ಅಂಗೈಯಷ್ಟಾದವು.

"ಇದರಾಗ ಎಷ್ಟು ಮನ್ಯಾಗ ನಿಮ್ಮ ಫರ್ಶಿ ಅದಾವ್ರಿ?" ಎಂದು ಪಿಸುಗುಟ್ಟಿದಳು.

ಗನಿಸಾಬ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಆ ಮಾಡುಗಳ ಕೆಳಗೆ ಯಾರೋ ಬರಿಗಾಲಲ್ಲಿ ಓಡಾಡುತ್ತಿರಬೇಕು.