ಗಂಡ ದುಡೀತಾನಲ್ಲ!

ನಿಮ್ಮ ಬೀದಿಯ ಕ್ಲಿನಿಕ್‌ನಲ್ಲೂ ಹೀಗೇ ಇರಬಹುದು. ಮಗುವನ್ನು ಎತ್ತಿಕೊಂಡು ಬಂದವರು ಬಾಗಿಲಲ್ಲೇ "ಸಿಸ್ಟರ್ ಇದ್ದಾರಾ?" ಎಂದು ಕೇಳುತ್ತಾರೆ. ಡಾಕ್ಟರ್ ಇದ್ದಾರೆಯೇ ಎಂಬುದು ಆಮೇಲಿನ ಮಾತು. ಈ ಕಥೆಯ ಸಿಸ್ಟರ್ ಸೂಜಿ ಚುಚ್ಚಿ ತೆಗೆದ ಮೇಲೂ ಮಗು ಅಳಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ಕ್ಲಿನಿಕ್ ನಡೆಸುವ ಡಾಕ್ಟರಮ್ಮನಿಗೆ ಕೆಲಸ ಬಿಡುವುದಾಗಿ ಹೇಳಿದರು.

ಮಧ್ಯಾಹ್ನ ಡಾಕ್ಟರಮ್ಮ ಮಹಡಿಯ ಮೇಲಿನ ಹಲ್ಲಿನ ಡಾಕ್ಟರ್ ಬಳಿ ಹೋಗಿ ಕೂತರು. ಕಾಲೇಜಿನ ದಿನಗಳಿಂದಲೂ ಅವರನ್ನು ಅಕ್ಕ ಎಂದೇ ಕರೆದು ರೂಢಿ.

"ಸ್ವಂತ ತಂಗಿ ಥರ ನೋಡ್ಕೊಂಡೆ ಅಕ್ಕ. ಬಟ್ಟೆ ಅಂಗಡೀಲಿ ಬಿಲ್ ಹಾಕೋಕೆ ಹೋಗ್ತಾಳಂತೆ!"

"ತಂಗಿ ವಿಷಯ ಇರಲಿ. ಸಂಬಳ ಎಷ್ಟು ಕೊಡ್ತಿದ್ದೆ?"

"ಕಾಂಪೌಂಡರ್‌ಗಿಂತ ಸ್ವಲ್ಪ ಕಮ್ಮಿ."

"ಅವನು ಮೊನ್ನೆ ಬಂದೋನು. ಇವಳು ನೀನು ಬೋರ್ಡು ಹಾಕಿದ ದಿನದಿಂದ ಇದ್ದಾಳೆ."

"ಅವನದು ಸಂಸಾರ, ಒಬ್ಬನೇ ದುಡಿಯೋನು. ಇವಳ ಗಂಡ ಫ್ಯಾಕ್ಟರೀಲಿ ದುಡೀತಾನಲ್ಲ!"

ಅಕ್ಕ ಗ್ಲೌಸ್ ಕಳಚಿ ಬುಟ್ಟಿಗೆ ಎಸೆದರು. "ನಿನ್ನ ಗಂಡನೂ ದುಡೀತಾನೆ. ಪೇಷಂಟ್‌ಗಳಿಗೆ ಹೇಳ್ಲಾ, ಇವಳಿಗೆ ಅರ್ಧ ಫೀಸು ಕೊಟ್ರೆ ಸಾಕು ಅಂತ?"

"ಅದೂ ಇದೂ ಒಂದೇನಾ?"

"ಹೇಗೆ ಬೇರೆ, ಹೇಳು ನೋಡೋಣ."

ಡಾಕ್ಟರಮ್ಮ ಮಾತು ಬದಲಿಸಿದರು. "ಅವಳು ಯಾವತ್ತೂ ಬಾಯಿಬಿಟ್ಟು ಕೇಳ್ಲಿಲ್ಲ ಅಕ್ಕ."

"ಕೇಳಿದೋರಿಗೇ ಕೊಡೋದಾದ್ರೆ, ಬಾಯಿ ಜೋರಿರೋರನ್ನೇ ಕೆಲಸಕ್ಕೆ ಇಟ್ಕೋ. ನನ್ನ ಕ್ಲಿನಿಕ್‌ನಲ್ಲಿ ನಾನು ಮಾಡಿದ್ದು ಇಷ್ಟು. ಯಾರು ಏನು ಕೆಲಸ ಮಾಡ್ತಾರೆ, ಯಾರ ಕೈ ತಪ್ಪಿದ್ರೆ ಪೇಷಂಟ್‌ಗೆ ಅಪಾಯ, ಓದು ಎಷ್ಟು, ಅನುಭವ ಎಷ್ಟು, ಎಲ್ಲಾ ನೋಡ್ದೆ. ಅದೇ ಕೆಲಸಕ್ಕೆ ಬೇರೆ ಕ್ಲಿನಿಕ್‌ಗಳಲ್ಲಿ ಏನು ಕೊಡ್ತಾರೆ ವಿಚಾರಿಸ್ದೆ. ಕನಿಷ್ಠ ವೇತನದ ಕಾನೂನೂ ನೋಡ್ಕೊಂಡೆ. ಹೇಗೆ ನಿಗದಿ ಮಾಡ್ದೆ ಅಂತ ಎಲ್ಲರನ್ನೂ ಕೂರಿಸಿ ಹೇಳ್ದೆ. ಪ್ರತಿ ವರ್ಷ ಸಂಬಳದ ಮಾತು ಎತ್ತೋಳು ನಾನೇ."

ಸಂಜೆ ಡಾಕ್ಟರಮ್ಮ ಸಿಸ್ಟರ್ ಅವರನ್ನು ಒಳಗೆ ಕರೆದು ಹೊಸ ಸಂಬಳ ಹೇಳಿದರು. ಅದು ಕಾಂಪೌಂಡರ್ ಸಂಬಳಕ್ಕಿಂತ ಹೆಚ್ಚಿತ್ತು.

ಸಿಸ್ಟರ್ ನಿಂತೇ ಇದ್ದರು. "ನಮ್ಮ ಯಜಮಾನ್ರ ಫ್ಯಾಕ್ಟರಿ ಮುಚ್ಚಿ ವರ್ಷ ಆಯ್ತು ಮೇಡಂ."

"ಅಯ್ಯೋ, ಹೇಳ್ಬಾರ್ದಿತ್ತಾ? ಆಗಲೇ ಜಾಸ್ತಿ ಮಾಡ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ. ಗಂಡ ಮನೇಲಿ ಕೂತ ಅಂತ ಕೊಟ್ರೆ ಅದನ್ನ ಸಂಬಳ ಅಂತಾರಾ?"

"ಈಗ ಕೊಡ್ತಿರೋದು ನಿನ್ನ ಕೆಲಸಕ್ಕೆ. ಇದ್ದುಬಿಡು."

"ಆ ಕೆಲಸ ನಾನು ಮೊದಲಿಂದ್ಲೂ ಮಾಡ್ತಾನೇ ಇದ್ದೆ ಮೇಡಂ."

ತಿಂಗಳ ಕೊನೆಗೆ ಅವರು ಹೋದರು. ಡಾಕ್ಟರಮ್ಮ ಈಗ ಬುದ್ಧಿ ಕಲಿತಿದ್ದಾರೆ. ಹೊಸ ಸಿಸ್ಟರ್‌ಗೆ ಕೆಲಸ ನೋಡಿ ಸಂಬಳ ಗೊತ್ತುಮಾಡಿದರು. ಅದನ್ನು ಕಾಂಪೌಂಡರ್ ಎದುರಿಗೇ ವಿವರಿಸಿದರು. ಹುಡುಗಿ ಒಳ್ಳೆಯವಳು, ಕೈ ಇನ್ನೂ ಪಳಗಬೇಕು. ಮಕ್ಕಳ ಚೀರಾಟ ಬೀದಿಗೆ ಕೇಳುತ್ತದೆ. ಕೆಲವು ತಾಯಂದಿರು ಹಳೆಯ ಸಿಸ್ಟರ್ ಇದ್ದಾರಾ ಎಂದು ಬಾಗಿಲಲ್ಲೇ ವಿಚಾರಿಸಿ ಹಿಂದಿರುಗುತ್ತಾರೆ.

ಕ್ಲಿನಿಕ್ ನಡೆಸುವವರೇ, ನಿಮ್ಮ ಸಿಬ್ಬಂದಿಯ ಸಂಬಳವನ್ನು ಅವರ ಕೆಲಸ, ಹೊಣೆ, ಅನುಭವ ನೋಡಿ ನಿಗದಿ ಮಾಡಿ. ಗಂಡಸೋ ಹೆಂಗಸೋ, ಮನೆಯಲ್ಲಿ ಯಾರು ದುಡಿಯುತ್ತಾರೋ ಎಂಬುದನ್ನು ಲೆಕ್ಕಕ್ಕೆ ತರಬೇಡಿ. ಏನೂ ಕೇಳದೆ ದುಡಿಯುವ ಒಬ್ಬರು ನಿಮ್ಮಲ್ಲೂ ಇದ್ದಾರೆ. ಅವರು ಬೇರೆ ಕೆಲಸ ಹುಡುಕಿಕೊಳ್ಳುವ ಮೊದಲು, ಇವತ್ತೇ ಕರೆದು ಮಾತಾಡಿ.