ಚಿತ್ರಕ್ಕೆ ಇಟ್ಟ ಹೆಸರು

ಷಾಮಿಯಾನದ ಹಗ್ಗವನ್ನು ಲೈಟ್ ಕಂಬಕ್ಕೆ ಬಿಗಿಯುತ್ತಿದ್ದ ಗೋಕುಲ್, ಬೀದಿಯ ತಿರುವಿನಲ್ಲಿ ಆಟೋದಿಂದ ಇಳಿದ ಹೆಂಗಸನ್ನು ಕಂಡು ಗಂಟನ್ನು ಅರ್ಧಕ್ಕೇ ಬಿಟ್ಟ. ಹಗ್ಗ ಜಾರಿ ಬಟ್ಟೆಯ ಒಂದು ಮೂಲೆ ಕುರ್ಚಿಯಲ್ಲಿ ಕೂತಿದ್ದವರ ತಲೆಯ ಮೇಲೆ ಇಳಿಯಿತು.

"ನೋಡ್ಕೊಂಡ್ ಕಟ್ಟೋ ಮಗಾ," ಎಂದು ಬಟ್ಟೆಯ ಕೆಳಗಿನಿಂದ ಯಾರೋ ಅಂದರು.

ಅವನು ಬಗ್ಗಿ ಹಗ್ಗದ ತುದಿ ಹುಡುಕಿದ. ಸಿಕ್ಕಿದ ಮೇಲೂ ತಲೆ ಎತ್ತಲಿಲ್ಲ. ಬಂದವಳು ಶೆಟ್ಟಿಹಳ್ಳಿಯ ಶಿಲ್ಪ. ಅವಳ ಮುಖವನ್ನು ಅವನು ಕಂಪ್ಯೂಟರಿನಲ್ಲಿ ಎಷ್ಟು ಸಲ ಹಿಗ್ಗಿಸಿ, ಕುಗ್ಗಿಸಿ ನೋಡಿದ್ದನೆಂದರೆ ವರ್ಷಗಳು ಕಳೆದರೂ ಗುರುತು ತಪ್ಪುವಂತಿರಲಿಲ್ಲ. ಕೈಯಲ್ಲೊಂದು ದೊಡ್ಡ ಕಪ್ಪು ಪೆಟ್ಟಿಗೆಯಿತ್ತು. ಚಪ್ಪಲಿಯ ಸದ್ದು ಅವನ ಪಕ್ಕದಲ್ಲೇ ಹಾದು ಒಳಗೆ ಹೋಯಿತು.

ಒಳಗೆ ನಡುಮನೆಯಲ್ಲಿ ಗೋಕುಲನ ಚಿಕ್ಕಮ್ಮ ಮುನಿರತ್ನಳನ್ನು ಮಲಗಿಸಿದ್ದರು. ಎರಡು ದಿನದ ಜ್ವರ, ಆಸ್ಪತ್ರೆಗೆ ಹೋಗೋಣವೆಂದು ಗಂಡ ಬ್ಯಾಟರಾಯಪ್ಪ ಆಟೋ ತರುವಷ್ಟರಲ್ಲಿ ಮುಗಿದಿತ್ತು. ಮಕ್ಕಳಿರಲಿಲ್ಲ. ಅಕ್ಕನ ಮಗ ಗೋಕುಲನನ್ನೇ ಇಟ್ಟುಕೊಂಡು ಓದಿಸಿದ್ದಳು. ಅಬ್ಬಿಗೆರೆ ಮುಖ್ಯರಸ್ತೆಯಲ್ಲಿ ಅವಳದೊಂದು ಬ್ಯೂಟಿ ಪಾರ್ಲರ್. ಒಂದು ಕಾಲಕ್ಕೆ ಸುತ್ತಲಿನ ಮದುಮಕ್ಕಳೆಲ್ಲ ಅವಳ ಕೈಯಿಂದಲೇ ಸಿಂಗಾರವಾಗಿ ಛತ್ರಕ್ಕೆ ಹೋಗುತ್ತಿದ್ದರು. ಆಮೇಲಾಮೇಲೆ ಹುಬ್ಬು ತೀಡಿಸಿಕೊಳ್ಳಲು ಬರುವ ಕಾಲೇಜು ಹುಡುಗಿಯರಷ್ಟೇ ಉಳಿದರು.

ಅದು ಯಾಕೆಂದು ಕುರ್ಚಿಗಳ ಸಾಲಿನಲ್ಲಿ ಎದುರುಮನೆಯ ನಾರಾಯಣಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು.

"ಕೈ ಒಳ್ಳೇದೇ. ಆದ್ರೆ ಗಿರಾಕಿ ಹೆಣ್ಮಕ್ಕಳಿಗೇ ಕಪ್ಪೆ ಅಂತ ಹೆಸ್ರಿಟ್ಟು ಕಂಪ್ಯೂಟರ್‌ನಲ್ಲಿ ಹಾಕ್ಸಿದ್ಲು ಕಣಮ್ಮ. ಯಾರ್ ಹೋಗ್ತಾರೆ ಆಮೇಲೆ?"

"ನೋಡಿದ್ರೆ ಹಂಗ್ ಅನ್ಸಲ್ವಲ್ಲ."

"ಅದೇ ನೋಡು ಮತ್ತೆ. ಅವ್ಳೇ ಒಪ್ಕೊಂಡ್ಲು."

ಗೋಕುಲ್ ಹಗ್ಗವನ್ನು ಕಂಬಕ್ಕೆ ಇನ್ನೊಂದು ಸುತ್ತು ಸುತ್ತಿದ. ಬೇಕಾಗಿರಲಿಲ್ಲ. ಆದರೂ ಸುತ್ತಿದ.

*

ಎರಡು ಸಾವಿರದ ಹನ್ನೆರಡರಲ್ಲಿ ಚಿಕ್ಕಮ್ಮನ ಪಾರ್ಲರಿಗೆ ವೆಬ್‌ಸೈಟ್ ಮಾಡಿದ್ದು ಗೋಕುಲನೇ. ಆಗವನು ಯಶವಂತಪುರದಲ್ಲಿ ಕೋರ್ಸು ಮುಗಿಸಿ ಕೆಲಸ ಹುಡುಕುತ್ತಿದ್ದ. ಸಂದರ್ಶನಗಳಲ್ಲಿ ತೋರಿಸಲು ತಾನೇ ಮಾಡಿದ್ದೆಂಬ ಒಂದು ವೆಬ್‌ಸೈಟ್ ಬೇಕಿತ್ತು. ಸಿಂಗಾರಕ್ಕೆ ಮುಂಚಿನ ಫೋಟೋ ಎಡಕ್ಕೆ, ಆಮೇಲಿನದು ಬಲಕ್ಕೆ. ಹೀಗೆ ಹತ್ತಾರು ಮದುಮಕ್ಕಳು.

ಪುಟದೊಳಗೆ ಒಂದೇ ಬಗೆಯ ಚಿತ್ರಗಳಿಗೆಲ್ಲ ಒಂದು ಹೆಸರು ಕೊಡಬೇಕು. ಅದಕ್ಕೆ ಕ್ಲಾಸ್ ಅನ್ನುತ್ತಾರೆ. ಆ ಹೆಸರು ಹಿಡಿದು ಇವುಗಳ ಅಗಲ ಇಷ್ಟು, ಅಂಚಿನ ಬಣ್ಣ ಇದು ಎಂದು ಒಂದೇ ಕಡೆ ಬರೆದರೆ ಎಲ್ಲಕ್ಕೂ ಅನ್ವಯಿಸುತ್ತದೆ. ನೋಡುವವರ ಕಣ್ಣಿಗೆ ಹೆಸರು ಕಾಣುವುದಿಲ್ಲ; ಪುಟದ ಹಿಂದಿನ ಕೋಡ್ ತೆರೆದವರಿಗಷ್ಟೇ ಕಾಣುತ್ತದೆ. ನಾಳೆ ಬೇರೆಯವರು ಓದಿದರೂ ಚಿತ್ರ ಏನೆಂದು ತಿಳಿಯುವಂತೆ ಹೆಸರಿಡಿ ಎಂದು ಕೋರ್ಸಿನ ಮೇಷ್ಟ್ರು ವಾಜಿದ್ ಹೇಳಿಯೇ ಇದ್ದರು. ಹೆಸರಿಡುವ ದಿನ ಗೋಕುಲನ ಪಕ್ಕದಲ್ಲಿ ಗೆಳೆಯರಿದ್ದರು. ಎಡಗಡೆಯ ಚಿತ್ರಗಳಿಗೆ ಅವನು 'ಕಪ್ಪೆ' ಎಂದಿಟ್ಟ, ಬಲಗಡೆಯವಕ್ಕೆ 'ರಾಣಿ'. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬದಲಿಸಿದರಾಯಿತು ಅಂದುಕೊಂಡ. ಬದಲಿಸಲಿಲ್ಲ.

ಪುಟದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಶಿಲ್ಪಳ ಚಿತ್ರ. ಮೊಡವೆಯ ಕಲೆಗಳು ತುಂಬಿದ್ದ ಕೆನ್ನೆ, ಹೆದರಿದ ಕಣ್ಣು. ಅವಳ ಮದುವೆಯಾದ ಹೊಸತರಲ್ಲಿ, ಎಂಜಿನಿಯರಿಂಗ್ ಓದುತ್ತಿದ್ದ ಮೈದುನ ಅತ್ತಿಗೆಯ ಫೋಟೋ ಇಳಿಸಿಕೊಳ್ಳಲು ಹೋಗಿ ಪುಟದ ಕೋಡ್ ತೆರೆದ. ಕಂಡದ್ದನ್ನು ಊಟಕ್ಕೆ ಕೂತಿದ್ದವರಿಗೆಲ್ಲ ಓದಿ ಹೇಳಿದ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಕಪ್ಪೆಯಾಯಿತು. ಅತ್ತೆ ನೀರು ಕೇಳುವಾಗಲೂ ಹಾಗೇ ಕರೆಯುತ್ತಿದ್ದಳು.

ಶಿಲ್ಪಳ ತಾಯಿ ಕೃಷ್ಣಮ್ಮ ಪಾರ್ಲರಿಗೆ ಬಂದು ನಿಂತಾಗ ಗೋಕುಲ್ ಪರದೆಯ ಹಿಂದೆ ಊಟ ಮಾಡುತ್ತಿದ್ದ.

"ಯಾರಮ್ಮ ಬರ್ದಿದ್ದು ಅದನ್ನ? ಕರೀರಿ ಆಚೆಗೆ. ನನ್ ಮಗಳು ಕನ್ನಡಿ ನೋಡೋದ್ ಬಿಟ್ಟವ್ಳೆ."

ಗೋಕುಲನ ಬಾಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. ಮುನಿರತ್ನಳಿಗೆ ವಿಷಯ ಗೊತ್ತಾದದ್ದೇ ಆ ಗಳಿಗೆ. ಅವಳು ಒಮ್ಮೆ ಪರದೆಯ ಕಡೆ ನೋಡಿದಳು. ಕೆಳಗೆ ಅವನ ಪಾದಗಳು ಕಾಣುತ್ತಿದ್ದಿರಬೇಕು.

"ನಾನೇ ಕೃಷ್ಣಮ್ಮ, ನಾನೇ ಬರ್ಸಿದ್ದು. ಬುದ್ಧಿಯಿಲ್ದೆ ಮಾಡ್ಬಿಟ್ಟೆ."

ಕೃಷ್ಣಮ್ಮ ಅತ್ತು, ಬೈದು, ಬೀದಿಗೆಲ್ಲ ಕೇಳುವಂತೆ ಬೈದು, ಹೋದಳು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು.

"ಎಲ್ಲಿದೆ ಅದು, ತೆಗಿ."

ತೆಗೆದ.

"ಈಗ ಏನಂತ ಇಡ್ತೀಯ?"

"ಬಿಫೋರ್ ಅಂತ. ಇನ್ನೊಂದಕ್ಕೆ ಆಫ್ಟರ್."

"ಅಷ್ಟೇನಾ?"

"ಅಷ್ಟೇ."

"ಅಷ್ಟನ್ನ ಮೊದ್ಲೇ ಇಟ್ಟಿದ್ರೆ ಆಗ್ತಿತ್ತಲ್ಲೋ ಗೋಕುಲಾ."

ಅಷ್ಟು ಬಿಟ್ಟರೆ ಅವಳು ಬೈಯಲಿಲ್ಲ. ಆಮೇಲೆಂದೂ ಆ ಮಾತೆತ್ತಲಿಲ್ಲ. ಅವನಿಗೆ ಕೆಲಸ ಸಿಕ್ಕಿತು, ಯಲಹಂಕದಲ್ಲಿ ಮನೆ ಮಾಡಿದ. ಹಬ್ಬಕ್ಕೆ ಬಂದವನು ಊಟ ಮುಗಿಯುತ್ತಲೇ ಹೊರಡುತ್ತಿದ್ದ. ಪಾರ್ಲರಿನ ಮುಂದೆ ಹಾಯಬೇಕಾಗುತ್ತದೆಂದು ಮುಖ್ಯರಸ್ತೆ ಬಿಟ್ಟು ಹಿಂದಿನ ಬೀದಿಯಿಂದ ಬರುವುದನ್ನು ಕಲಿತ.

*

ಮೈ ತೊಳೆದಾಗಿತ್ತು. ಗಂಡಸರು ಹೊರಗೆ ಚಟ್ಟ ಕಟ್ಟುತ್ತಿದ್ದರು. ಹೂವಿನ ಬುಟ್ಟಿ ಕೊಡಲು ಗೋಕುಲ್ ಒಳಗೆ ಹೋದ.

"ಊರ್ ಎಣ್ಮಕ್ಕಳಿಗೆಲ್ಲ ಸಿಂಗಾರ ಮಾಡಿದ್ ಕೈ ಕಣವ್ವ," ಎಂದು ಅವನ ಅಜ್ಜಿ, ಸತ್ತವಳ ತಾಯಿ ಮುನಿಯಲ್ಲಮ್ಮ, ಶಿಲ್ಪಳಿಗೆ ಹೇಳುತ್ತಿದ್ದಳು. "ಇಂಗೇ ಕಳಿಸ್ಬ್ಯಾಡ. ನೀನೇ ಮಾಡು. ಅವ್ಳು ಕಲ್ಸಿದ್ ಇದ್ಯೆ ಅಲ್ವಾ?"

ಗೋಕುಲನಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬ್ಯಾಟರಾಯಪ್ಪ ಮೆಲ್ಲಗೆ ಹೇಳಿದ:

"ಗಂಡನ್ ಮನೆ ಬಿಟ್ ಬಂದ್ಮೇಲೆ ನಮ್ ಪಾರ್ಲರ್‌ನಲ್ಲೇ ಕಲ್ತಿದ್ದು ಅವ್ಳು. ನಿಮ್ ಚಿಕ್ಕಮ್ಮನೇ ಮನೆಗ್ ಹೋಗಿ ಕರ್ಕೊಂಡ್ ಬಂದ್ಲು. ಈಗ ಹೆಬ್ಬಾಳದಲ್ಲಿ ಸ್ವಂತ ಅಂಗಡಿ. ನಿಂಗ್ ಗೊತ್ತಿರ್ಲಿಲ್ವಾ?"

ಗಂಡನ ಮನೆ ಬಿಟ್ಟದ್ದು ಅವನಿಗೆ ಗೊತ್ತಿರಲಿಲ್ಲ. ಕಲಿತದ್ದೂ ಗೊತ್ತಿರಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟ.

ಶಿಲ್ಪ ತಾನು ತಂದಿದ್ದ ಮೇಕಪ್ ಪೆಟ್ಟಿಗೆ ತೆರೆಯಲಿಲ್ಲ. ತಟ್ಟೆಯಲ್ಲಿದ್ದ ಅರಿಶಿನವನ್ನಷ್ಟೇ ಕಲಸಿ ಮುನಿರತ್ನಳ ಕೆನ್ನೆಗೆ ಹಚ್ಚಿದಳು. ಬೆರಳು ಅವಸರ ಮಾಡಲಿಲ್ಲ. ತಲೆಗೂದಲನ್ನು ಬಾಚಿ ಬೈತಲೆ ತೆಗೆದು, ಹಣೆಗೆ ಅಗಲವಾಗಿ ಕುಂಕುಮವಿಟ್ಟು, ಸ್ವಲ್ಪ ಹಿಂದೆ ಸರಿದು ನೋಡಿದಳು. ಮತ್ತೆ ಬಗ್ಗಿ ಕಿವಿಯ ಬಳಿ ಅಂಟಿದ್ದ ಒಂದು ಕೂದಲನ್ನು ಸರಿಪಡಿಸಿದಳು. ಹೊರಗಿನಿಂದ ಬಂದ ನಾರಾಯಣಮ್ಮ ಅದನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಿತ್ತಿಲಿನಲ್ಲಿ ನೀರಿನ ಡ್ರಮ್ ಇತ್ತು. ಶಿಲ್ಪ ಕೈ ತೊಳೆಯಲು ಅಲ್ಲಿಗೆ ಬಂದಳು. ಎರಡೂ ಕೈ ಅರಿಶಿನ ಕುಂಕುಮವಾಗಿದ್ದರಿಂದ ಮಗ್ ಮುಟ್ಟದೆ ನಿಂತಳು. ಗೋಕುಲ್ ಮುಂದೆ ಬಂದು ನೀರು ಮೊಗೆದು ಹೊಯ್ದ.

"ಶಿಲ್ಪಾ ಅವ್ರೇ, ಆ ಫೋಟೋದ್ ಹೆಸ್ರು..."

"ಗೊತ್ತು."

"ಚಿಕ್ಕಮ್ಮ ಹೇಳಿದ್ರಾ?"

"ಅವ್ರು ಯಾಕ್ ಹೇಳ್ತಾರೆ. ಕೊನೇವರ್ಗೂ ನಾನೇ ಅಂದ್ರು." ಅವಳು ಉಗುರಿನ ಸಂದಿ ಉಜ್ಜಿಕೊಳ್ಳುತ್ತಿದ್ದಳು. "ಅವ್ರಿಗೆ ಮೌಸ್ ಹಿಡಿಯೋಕೂ ಬರ್ತಿರ್ಲಿಲ್ಲ ಕಣ್ರೀ."

ಅವನು ಇನ್ನೊಂದು ಮಗ್ ಮೊಗೆದ.

"ನೀವ್ ಬಂದ್ ಹೇಳ್ತೀರ ಅಂತ ಇದ್ದೆ," ಎಂದಳು. "ನನಗಲ್ಲ. ನಮ್ಮಮ್ಮಂಗೆ. ಅಮ್ಮ ಹೋದ ವರ್ಷ ತೀರ್ಕೊಂಡ್ರು. ನಿಮ್ ಚಿಕ್ಕಮ್ಮನ್ ಮೇಲಿನ್ ಕೋಪ ಹಂಗೇ ಇತ್ತು."

ಹೊರಗೆ ತಮಟೆ ಶುರುವಾಯಿತು. "ಗೋಕುಲಾ, ಹೆಗಲು ಕೊಡೋಕ್ ಬಾರೋ," ಎಂದು ಬ್ಯಾಟರಾಯಪ್ಪನ ದನಿ ಕೇಳಿತು.

ಕಲ್ಲಿನ ಮೇಲೆ ಕೆಂಪು ನೀರು ಹರಿದು, ಹಳದಿಯಾಗಿ, ತಿಳಿಯಾಯಿತು. ಶಿಲ್ಪ ಕೈ ಒದರಿಕೊಂಡು ಒಳಗೆ ಹೋದಳು. ಬರಿಯ ಕಲ್ಲಿನ ಮೇಲೆ ಅವನ ಮಗ್ಗಿನಿಂದ ನೀರು ಇನ್ನೂ ಬೀಳುತ್ತಲೇ ಇತ್ತು.