ಹತ್ತೊಂಬತ್ತು ಮೆಟ್ಟಿಲು

ಕಚೇರಿಯಲ್ಲಿ ಊಟದ ಡಬ್ಬಿ ತೆರೆದಿಟ್ಟು ಅರ್ಧ ಗಂಟೆಯಾಗಿದ್ದರೂ ಅಳತೆಯವನು ಒಂದು ತುತ್ತೂ ಎತ್ತಿರಲಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಿಟಕಿಗೆ ಹೋಗುತ್ತಿದ್ದ, ಮೇಜಿಗೆ ಬರುತ್ತಿದ್ದ, ಕಟ್ಟಿಟ್ಟ ಕಡತವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಏನೋ ಬಿಟ್ಟುಹೋಗಿದೆ, ಏನೆಂದು ಮಾತ್ರ ಹೊಳೆಯುತ್ತಿಲ್ಲ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡರೆ ನಾಲಿಗೆ ಅಲ್ಲಿಗೇ ಹೋಗುವ ಹಾಗೆ ಅವನ ಮನಸ್ಸು ಬೆಳಿಗ್ಗೆಯಿಂದ ಆ ಕಡತಕ್ಕೇ ಹೋಗುತ್ತಿತ್ತು.

ರಸ್ತೆ ಅಗಲ ಮಾಡುವ ಮೊದಲು ಯಾರ ಮನೆಯ ಯಾವ ಭಾಗ ಹೋಗುತ್ತದೆ ಎಂದು ಬರೆದುಕೊಂಡು ಬರುವುದು ಅವನ ಕೆಲಸ. ನಕ್ಷೆಯಲ್ಲಿನ ಗೆರೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆಯಬೇಕು. ಗೆರೆಯ ಈಚೆ ಬಿದ್ದ ಗೋಡೆ, ಗೇಟು, ಮರ, ನೀರಿನ ತೊಟ್ಟಿ, ಎಲ್ಲವನ್ನೂ ಅಳೆದು ಹಾಳೆಗೆ ಇಳಿಸಿ ಮನೆಯವರ ಸಹಿ ಹಾಕಿಸಬೇಕು. ಇಪ್ಪತ್ತಾರು ವರ್ಷದಿಂದ ಇದೇ. ಟೇಪು ಹಿಡಿದು ಬೀದಿಗೆ ಕಾಲಿಟ್ಟರೆ ಯಮನ ಗುಮಾಸ್ತ ಬಂದ ಅನ್ನುವವರಿದ್ದರು. ಅನ್ನಲಿ ಬಿಡಿ, ನಾನೇನು ಯಾರ ಮನೆಯನ್ನೂ ಕೆಡವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ ಎಂಬ ಜಂಬ ಅವನಿಗೆ. ಮೆಟ್ಟಿಲು ಕಂಡರೆ ಎಣಿಸದೆ ಹತ್ತುವವನಲ್ಲ. ಮಗಳನ್ನು ಹೆರಿಗೆಗೆ ಸೇರಿಸಿದ ದಿನವೂ ಆಸ್ಪತ್ರೆಯ ಮೆಟ್ಟಿಲು ಎಣಿಸಿದ್ದ ಎಂದು ಹೆಂಡತಿ ಇವತ್ತಿಗೂ ನೆಂಟರ ಮುಂದೆ ಮಾನ ಕಳೆಯುತ್ತಾಳೆ.

ನೀರು ಹಿಡಿದುಕೊಂಡು ಬರಲು ಕೆಳಗೆ ಹೋದ. ಬಾಟಲಿ ತುಂಬಿಸಿಕೊಂಡು ಒಂದು, ಎರಡು ಎಂದು ಎಣಿಸುತ್ತ ಹತ್ತುತ್ತಿದ್ದವನು ಏಳನೆಯದರಲ್ಲಿ ನಿಂತ. ಸಿಕ್ಕಿತ್ತು.

ನಿನ್ನೆ ಕೊನೆಗೆ ಅಳೆದದ್ದು ಮೂಲೆಯ ಎರಡಂತಸ್ತಿನ ಮನೆ. ಕೆಳಗೆ ಅಣ್ಣ, ಮೇಲೆ ತೀರಿಹೋದ ತಮ್ಮನ ಹೆಂಡತಿ. ಆಕೆ ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಪಾಲಾದ ಮನೆ, ಹಾಗಾಗಿ ಎರಡು ಹಾಳೆ. ಗೆರೆ ಗೋಡೆಯಿಂದ ಒಂದು ಗೇಣು ಆಚೆಗೇ ಹಾದುಹೋಗಿತ್ತು. ಹೊರಗಿನ ಮೆಟ್ಟಿಲಷ್ಟೇ ಗೆರೆಯೊಳಗೆ ಬಿತ್ತು. ಅದು ನಮ್ಮ ಜಾಗದಲ್ಲಿರೋದು, ನನ್ನ ಹಾಳೆಗೇ ಬರ್ಕೊಳ್ಳಿ ಎಂದು ಅಣ್ಣ ಹೇಳಿದ್ದ. ಇವನು ಎಣಿಸಿ ಬರೆದುಕೊಂಡ: ಮೆಟ್ಟಿಲು, ಹತ್ತೊಂಬತ್ತು. ಮೇಲಿನವಳ ಹಾಳೆಯಲ್ಲಿ ಬರೆದದ್ದು ಎರಡೇ ಪದ, ‘ಬಾಧೆ ಇಲ್ಲ’. ಆಕೆ ಮೆಷಿನ್ ನಿಲ್ಲಿಸಿ, ಕಣ್ಣೊರೆಸಿಕೊಂಡು, ಒಂದು ತಿಂಗಳಿಂದ ನಿದ್ದೆಯಿಲ್ಲ, ಇವತ್ತು ಮಲಗ್ತೀನಿ ಎಂದು ಸಹಿ ಹಾಕಿದ್ದಳು. ಹೋಗುವವನನ್ನು ಕೂರಿಸಿ ಟೀ ಕೊಟ್ಟಿದ್ದಳು.

ಮನೆ ಉಳಿದಿತ್ತು, ಹತ್ತುವ ದಾರಿ ಹೋಗಿತ್ತು. ಒಂದು ಪಕ್ಕಕ್ಕೆ ನೆರೆಯವರ ಗೋಡೆ, ಹಿಂದೆ ದೊಡ್ಡ ಮೋರಿ, ಉಳಿದೆರಡು ಕಡೆ ರಸ್ತೆ, ಬೇರೆಲ್ಲೂ ಮೆಟ್ಟಿಲು ಕಟ್ಟಲು ಜಾಗವಿಲ್ಲ. ಆಕೆ ಆ ಮನೆಗೆ ಹಾರಿಕೊಂಡು ಹೋಗಬೇಕೇನು? ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು ಅವನಿಗೆ. ಮೆಟ್ಟಿಲು ಎಣಿಸಿದ ಮಹಾಶಯನಿಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಲಿಲ್ಲ.

ಓಡಿಹೋಗಿ ಹೇಳಿದ್ದನ್ನು ಸಾಹೇಬರು ತಲೆಯೆತ್ತದೆ ಕೇಳಿಸಿಕೊಂಡರು. ಆಕ್ಷೇಪಣೆಗೆ ಒಂದು ತಿಂಗಳಿದೆಯಲ್ಲ, ಆ ಹೆಂಗಸು ಬಂದು ಹೇಳಿಕೊಳ್ಳಲಿ ಎಂದರು.

“ನೋಟಿಸು ಹೋದವರು ತಾನೆ ಬಂದು ಹೇಳ್ಕೊಳ್ಳೋದು ಸಾರ್? ಬಾಧೆ ಇಲ್ಲ ಅಂತ ಬರೆದವರಿಗೆ ನೋಟಿಸೇ ಹೋಗಲ್ಲ. ಒಂದು ದಿನ ಮೆಟ್ಟಿಲು ಒಡೆಯೋಕೆ ಬಂದಾಗ್ಲೇ ಗೊತ್ತಾಗೋದು.”

ಸಾಹೇಬರು ಗಡಿಯಾರ ನೋಡಿದರು. ನಾಲ್ಕೂವರೆಗೆ ಕಡತಗಳು ಜೀಪಿನಲ್ಲಿ ಮೇಲಿನ ಕಚೇರಿಗೆ ಹೊರಡುತ್ತವೆ, ಅಷ್ಟರೊಳಗೆ ಹೊಸ ಸಹಿಯಿರುವ ಹೊಸ ಹಾಳೆ ಬಂದರೆ ಸೇರಿಸುತ್ತೇನೆ, ಇಲ್ಲದಿದ್ದರೆ ಹಳೆಯದೇ ಹೋಗುತ್ತದೆ ಎಂದರು. ಆಗ ಮೂರು ಹತ್ತು.

ಹೊಸ ಹಾಳೆ ಬರೆದುಕೊಂಡು ಬಸ್ಸು ಹತ್ತಿ, ಸೀಟಿದ್ದರೂ ನಿಂತೇ ಹೋದ. ಒಂದೊಂದು ಸಿಗ್ನಲ್ಲಿಗೂ ಡ್ರೈವರನ ತಲೆಯನ್ನು ದುರುಗುಟ್ಟಿ ನೋಡಿದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ, ಒಂದೂ ಕೂಡಿಬರಲಿಲ್ಲ. ಉಳಿಯಿತು ಎಂದು ನಿನ್ನೆ ಹೇಳಿದ ಬಾಯಲ್ಲೇ ಇವತ್ತು ಹೋಯಿತು ಎನ್ನಬೇಕು. ಅದೂ ಅವಳ ಒಳ್ಳೆಯದಕ್ಕೆ ಎಂದು ನಂಬಿಸಬೇಕು.

ಆಕೆ ನಗುತ್ತ ಬಾಗಿಲು ತೆರೆದಳು. ಏನಾದರೂ ಮರೆತುಹೋದಿರಾ ಎಂದು ಕೇಳಿದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ನಗು ಇಳಿಯಿತು.

“ಅಂದ್ರೆ, ಮನೆ ಹೋಗುತ್ತೆ ಅಂತ ನಾನೇ ಸಹಿ ಹಾಕಬೇಕು.”

“ದಾರಿ ಹೋದ್ರೆ ಮಹಡಿಯೂ ಹೋದ ಲೆಕ್ಕ ತಾಯಿ. ಸಹಿ ಹಾಕಿದ್ರೆ ಪೂರ್ತಿ ಮನೆಗೆ ಪರಿಹಾರ ಸಿಗುತ್ತೆ. ಹಾಕದೆ ಇದ್ರೆ ಮನೆ ಇರುತ್ತೆ, ದಾರಿ ಇರಲ್ಲ.”

ಆಕೆ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಆಮೇಲೆ, ಕೆಳಗೆ ಭಾವನವರ ಹಾಲ್‌ನ ಮೂಲೆಯಲ್ಲಿ ಒಳಗಿಂದಲೇ ಮೆಟ್ಟಿಲು ಮಾಡಿಕೊಂಡರೆ ಆಗುತ್ತದಲ್ಲ ಎಂದಳು. ಆಗುತ್ತದೆ, ಅವರು ಬರೆದುಕೊಟ್ಟರೆ ನಿಮ್ಮ ಮನೆ ಉಳಿಯುತ್ತದೆ ಎಂದು ಅಳತೆಯವನು ಒಪ್ಪಿಕೊಂಡ. ತನಗೆ ಹೊಳೆಯದ ದಾರಿಯೊಂದು ಸಿಕ್ಕಿತೆಂದು ಅವನಿಗೂ ಖುಷಿಯಾಯಿತು. ಇಬ್ಬರೂ ದಡದಡ ಇಳಿದರು.

ಭಾವ ಪೇಪರಿನ ಹಿಂದೆ ಕೂತಿದ್ದ. ಅಳತೆಯವನು ಹೇಳಿ ಮುಗಿಸುವವರೆಗೂ ಹಾಳೆ ತಿರುವಲಿಲ್ಲ. ಅವನಿಗಿದು ಹೊಸ ಸುದ್ದಿಯಲ್ಲ ಎಂಬುದು ಆ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಿನ್ನೆ ಮೆಟ್ಟಿಲನ್ನು ತನ್ನ ಹಾಳೆಗೆ ಬರೆಸಿಕೊಂಡಾಗಲೇ ಅವನ ಲೆಕ್ಕ ಮುಗಿದಿತ್ತು. ದಾರಿಯಿಲ್ಲದ ಮಹಡಿ ಇನ್ನಾರಿಗೆ ಬೇಕು, ಇವತ್ತಲ್ಲ ನಾಳೆ ತನಗೇ ಬರಬೇಕು.

“ನಮ್ಮ ಹಾಲಲ್ಲಿ ಹೊಲಿಸ್ಕೊಳ್ಳೋಕೆ ಬರೋರೆಲ್ಲ ಓಡಾಡಿದ್ರೆ ನಾವೆಲ್ಲಿರೋದು? ನೀವೇ ಹೇಳಿ ಸಾರ್,” ಎಂದ. ಹೊಸ್ತಿಲಲ್ಲಿ ನಿಂತವಳ ಕಡೆ ತಿರುಗಿಯೂ ನೋಡಲಿಲ್ಲ.

ಅಳತೆಯವನಿಗೆ ಮೈ ಉರಿಯಿತು. ಇಪ್ಪತ್ತಾರು ವರ್ಷ ಯಾರ ಮನೆಯಲ್ಲೂ ದನಿಯೆತ್ತದವನು, ಈಗ ಎತ್ತಿಯೇಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಆಕೆ ಕೈ ಚಾಚಿ ಹಾಳೆ ಕೇಳಿದಳು. ಹೊರಗೆ ಮೆಟ್ಟಿಲ ಮೇಲೆ ಕೂತು, ಮಂಡಿಯ ಮೇಲಿಟ್ಟುಕೊಂಡು, ಒಂದೊಂದು ಸಾಲನ್ನೂ ಓದಿದಳು. ಮೆಟ್ಟಿಲನ್ನು ಇವನು ಈ ಸಲ ಅವಳ ಹಾಳೆಗೆ ಬರೆದಿದ್ದ. ಕಡತದಲ್ಲಿದ್ದ ಪಾಲಿನ ಪತ್ರವನ್ನು ಇವತ್ತು ಹೊರಡುವ ಮುನ್ನ ಓದಿದ್ದ, ಅದು ಮಹಡಿಗೆ ಸೇರಿದ್ದು ಎಂದೇ ಇತ್ತು, ನಿನ್ನೆ ಓದುವ ವ್ಯವಧಾನ ಅವನಿಗಿರಲಿಲ್ಲ. ಆಕೆ ಸಹಿ ಹಾಕಿದಳು, ಹಾಳೆಯನ್ನು ಮಾತ್ರ ಬಿಡಲಿಲ್ಲ.

“ಹತ್ತೊಂಬತ್ತು ಅಂತ ಬರೆದಿದ್ದೀರಿ. ಇಪ್ಪತ್ತು.”

“ಎರಡು ಸಲ ಎಣಿಸಿದೀನಿ ತಾಯಿ,” ಎಂದ ಅಳತೆಯವನು. ಬೇರೆ ಯಾವ ಮಾತಿಗೆ ಸೋತರೂ ಈ ಮಾತಿಗೆ ಅವನು ಸೋಲುವವನಲ್ಲ.

“ಕೆಳಗಿಂದು ಹೋದ ಸಲ ರಸ್ತೆ ಎತ್ತರ ಮಾಡಿದಾಗ ಹೂತುಹೋಯ್ತು. ನಮ್ಮನೆಯವರು ಇದ್ದಾಗ ಸಂಜೆ ಅಲ್ಲೇ ಕೂರ್ತಿದ್ರು. ಆಗ ಯಾರೂ ಬರ್ಕೊಳ್ಳೋಕೆ ಬಂದಿರ್ಲಿಲ್ಲ.”

ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು ಎಂಬುದು ಅವನ ಇಲಾಖೆಯ ನಿಯಮ, ಅವನದೂ ಅದೇ ನಿಯಮ. ಗಡಿಯಾರ ನೋಡಿಕೊಂಡ. ನಾಲ್ಕಾಗಲು ಐದು ನಿಮಿಷ. ಬಸ್ಸು ಸಿಗದಿದ್ದರೆ ಆಟೋ ಹಿಡಿಯಬೇಕು. ಆದರೂ ರಸ್ತೆಯಂಚಿನಲ್ಲಿ ಮಂಡಿಯೂರಿ, ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಮಣ್ಣು ಕೆರೆಯತೊಡಗಿದ. ಹೋಗಿಬರುವವರು ನಿಂತು ನೋಡಿದರು. ಡಾಂಬರಿನ ಚೂರು ಎದ್ದಿತು, ಜಲ್ಲಿ ಎದ್ದಿತು, ಅಂಗೈಯಗಲ ತೋಡುವಷ್ಟರಲ್ಲಿ ಬೂದು ಕಲ್ಲಿನ ಸವೆದ ಅಂಚು ಕಂಡಿತು.

ಹತ್ತೊಂಬತ್ತನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದ. ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿ ತೋರಿಸಿದ.

ಆಕೆ ಬಗ್ಗಿ ನೋಡಿ ತಲೆಯಾಡಿಸಿದಳು. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆ ಆ ಕಲ್ಲಿನ ಅಂಚಿಗೆ ಪಾದವೂರಿ, ಧೂಳಿನಲ್ಲೇ ಕೂತುಬಿಟ್ಟಳು.